ಕೊನೆ ಸಾಲು ಬಿಡಿ, ಮೊದಲ ಎರರ್ ಹುಡುಕಿ: ರೇಡಿಯೋ ಸಾಫ್ಟ್‌ವೇರ್ ಬಿಲ್ಡ್ ಮಾಡುವವರಿಗೆ

ರಾಯಚೂರಿನಲ್ಲಿ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.

ಹೋದ ವಾರ ನಿಮ್ಮಲ್ಲೇ ಒಬ್ಬರು ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದ್ದರು. ಕಂಪ್ಯೂಟರ್ ಪರದೆಯ ಫೋಟೊ. ಅದರಲ್ಲಿ ಕಾಣುತ್ತಿದ್ದುದು ಮೂರೇ ಸಾಲು. ಕೊನೆಯ ಸಾಲು 'ಮೇಕ್: ಎರರ್ 2'. ಕೆಳಗೆ ಅವರ ಪ್ರಶ್ನೆ: "ಸರ್, ಗ್ನೂ ರೇಡಿಯೋ ಬಿಲ್ಡ್ ಆಗ್ತಿಲ್ಲ, ಏನು ಮಾಡಲಿ?" ಗ್ನೂ ರೇಡಿಯೋ ಅಂದರೆ ರೇಡಿಯೋ ಸಿಗ್ನಲ್ ಮೇಲಿನ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡುವ ಸಾಫ್ಟ್‌ವೇರ್. ಬಿಲ್ಡ್ ಅಂದರೆ ಸೋರ್ಸ್ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟಿಕೊಳ್ಳುವುದು. ಆ ಫೋಟೊ ನೋಡಿ ನನಗೆ ಏನನ್ನೂ ಹೇಳಲು ಆಗಲಿಲ್ಲ. ಆ ಮೂರು ಸಾಲಿನಲ್ಲಿ ಉತ್ತರ ಇರಲೇ ಇಲ್ಲ. ಉತ್ತರ ಅದಕ್ಕಿಂತ ನಾನೂರು ಸಾಲು ಮೇಲಿತ್ತು. ಇವತ್ತು ನಾನು ಹೇಳುವುದೆಲ್ಲ ಆ ನಾನೂರು ಸಾಲನ್ನು ಹತ್ತಿ ಹೋಗುವ ಬಗ್ಗೆ.

ನಮ್ಮ ಊರು ಮಾನ್ವಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಇಲ್ಲಿ ಕೂತವರಲ್ಲಿ ಬಹಳ ಜನ ಸಿಂಧನೂರು, ಸಿರವಾರ, ಮಾನ್ವಿಯವರೇ ಇದ್ದೀರಿ. ಕೊನೆ ಭಾಗಕ್ಕೆ ನೀರು ಬರದಿದ್ದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಭತ್ತ ಹೊಡೆ ತುಂಬುವ ಹೊತ್ತಿಗೆ ನೀರು ನಿಂತರೆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ನಮ್ಮ ಅಪ್ಪ ಆಗ ನಮ್ಮ ತೂಬಿನ ಹತ್ತಿರ ಕೂತು ಅಗೆಯುತ್ತಿರಲಿಲ್ಲ. ಟಾರ್ಚ್ ಹಿಡಿದು ಕಾಲುವೆ ದಂಡೆ ಮೇಲೆ ಮೇಲಕ್ಕೆ ನಡೆಯುತ್ತಿದ್ದರು. ನಡೆಯುತ್ತ ನಡೆಯುತ್ತ ಒಂದು ಜಾಗ ಸಿಗುತ್ತದೆ. ಅದರ ಮೇಲೆ ನೀರಿದೆ, ಅದರ ಕೆಳಗೆ ಇಲ್ಲ. ತೊಂದರೆ ಅಲ್ಲೇ. ಒಂದು ಕಡೆ ದಂಡೆ ಒಡೆದಿರಬಹುದು, ಕಸ ಕಟ್ಟಿರಬಹುದು, ಯಾರೋ ಗೇಟ್ ಇಳಿಸಿರಬಹುದು. ಅಲ್ಲೂ ಸರಿ ಇದ್ದರೆ ಇನ್ನೂ ಮೇಲೆ ಕೇಳುತ್ತಿದ್ದರು, ಕಾಲುವೆಯ ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅಂತ. ನಮ್ಮ ಗದ್ದೆ ಒಣಗಿರುವುದು ಕಣ್ಣಿಗೆ ಕಾಣುವ ಫಲ ಅಷ್ಟೇ. ಕಾರಣ ಮೇಲಿರುತ್ತದೆ.

'ಮೇಕ್: ಎರರ್ 2' ಅನ್ನುವುದು ಒಣಗಿದ ಗದ್ದೆ. ಅದನ್ನು ಎಷ್ಟು ನೋಡಿದರೂ ಏನೂ ತಿಳಿಯುವುದಿಲ್ಲ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಸಿದ್ಧ ಪ್ಯಾಕೇಜ್ ತಂದು ಹಾಕುವ ಆಪ್ಟ್ ಆಜ್ಞೆ ಕೊಟ್ಟರೆ ಒಂದೇ ನಿಮಿಷದಲ್ಲಿ ಸಾಫ್ಟ್‌ವೇರ್ ಬರುತ್ತದೆ, ಸೋರ್ಸ್‌ನಿಂದ ಯಾಕೆ ಬಿಲ್ಡ್ ಮಾಡಬೇಕು? ಬರೀ ಎಫ್‌ಎಂ ಕೇಳಬೇಕು, ವಾಟರ್‌ಫಾಲ್ (ಸಿಗ್ನಲ್‌ಗಳು ಪರದೆ ಮೇಲೆ ಹರಿಯುವ ಚಿತ್ರ) ನೋಡಬೇಕು ಅಂದರೆ ಮಾಡಬೇಡಿ. ಉಬುಂಟುವಿನಲ್ಲಿ, ಡೆಬಿಯನ್‌ನಲ್ಲಿ ಗ್ನೂ ರೇಡಿಯೋ, ಜಿಕ್ಯೂಆರ್‌ಎಕ್ಸ್ ಎಂಬ ರೇಡಿಯೋ ಕೇಳುವ ಪ್ರೋಗ್ರಾಂ ಎರಡೂ ಸಿದ್ಧವಾಗಿ ಸಿಗುತ್ತವೆ. ಅದನ್ನೇ ಹಾಕಿಕೊಂಡು ಕೆಲಸ ಶುರು ಮಾಡಿ. ಸೋರ್ಸ್‌ಗೆ ಕೈ ಹಾಕಬೇಕಾದ ಸಂದರ್ಭಗಳು ಬೇರೆ. ನಿಮ್ಮ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ರೇಡಿಯೋ ರಿಸೀವರ್) ಹೊಸದು, ಡಿಸ್ಟ್ರೋದಲ್ಲಿ, ಅಂದರೆ ಉಬುಂಟುವಿನಂಥ ನಿಮ್ಮ ಲಿನಕ್ಸ್‌ನಲ್ಲಿ, ಇರುವ ಡ್ರೈವರ್ ಹಳೆಯದು. ಅಥವಾ ನಿಮಗೆ ಬೇಕಾದ ಮಾಡ್ಯೂಲ್ ಪ್ಯಾಕೇಜ್ ಆಗಿ ಎಲ್ಲೂ ಸಿಗುವುದಿಲ್ಲ. ಅಥವಾ ಪ್ರಾಜೆಕ್ಟ್‌ಗೆ ನೀವೇ ಒಂದು ಬ್ಲಾಕ್, ಅಂದರೆ ಸಿಗ್ನಲ್ ಮೇಲೆ ಒಂದು ಕೆಲಸ ಮಾಡುವ ತುಂಡು, ಬರೆಯಬೇಕು. ಈ ಕೊನೆಯದು ನನಗೆ ಬಹಳ ಇಷ್ಟ. ರೇಡಿಯೋ ಅಂದರೆ ಕಾಯಿಲ್, ಕೆಪಾಸಿಟರ್ ಇರುವ ಡಬ್ಬಿ ಅಂತ ತಿಳಿದಿದ್ದವನಿಗೆ, ಫಿಲ್ಟರ್ ಅನ್ನು ಹತ್ತು ಸಾಲಿನಲ್ಲಿ ಬರೆದು ಅದೇ ದಿನ ಕಿವಿಯಲ್ಲಿ ಕೇಳಬಹುದು ಅಂತ ಗೊತ್ತಾದ ದಿನ ನನಗೆ ಇನ್ನೂ ನೆನಪಿದೆ.

ಗ್ನೂ ರೇಡಿಯೋ ಶುರುವಾಗಿದ್ದು 2001ರಲ್ಲಿ. ಎರಿಕ್ ಬ್ಲಾಸಮ್ ಅದನ್ನು ಬರೆಯಲು ಆರಂಭಿಸಿದರು. ಆದರೆ ಆಗ ಅದಕ್ಕೆ ಬೇಕಾದ ಹಾರ್ಡ್‌ವೇರ್ ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಚಿತ್ರ ಬದಲಾಗಿದ್ದು 2012ರಲ್ಲಿ. ಟಿವಿ ನೋಡಲು ಮಾರುತ್ತಿದ್ದ ಅಗ್ಗದ ಯುಎಸ್‌ಬಿ ಡಾಂಗಲ್‌ನ ಒಳಗಿರುವ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಚಿಪ್, ಹಸಿ ಸ್ಯಾಂಪಲ್‌ಗಳನ್ನೂ (ಸಿಗ್ನಲ್‌ನ ಅಳತೆಗಳನ್ನು) ನೇರವಾಗಿ ಕಂಪ್ಯೂಟರಿಗೆ ಕಳಿಸಬಲ್ಲದು ಅಂತ ಉತ್ಸಾಹಿಗಳು ಕಂಡುಕೊಂಡರು. ಅದಕ್ಕೆ ಡ್ರೈವರ್ ಬರೆದರು. ಆರ್820ಟಿ ಟ್ಯೂನರ್ ಇರುವ ಡಾಂಗಲ್ ಸುಮಾರು 24 ಮೆಗಾಹರ್ಟ್ಸ್‌ನಿಂದ 1,766 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ನೆಮ್ಮದಿಯಿಂದ ಕೊಡುತ್ತದೆ. ಇವತ್ತು ಈ ಮೇಜಿನ ಮೇಲೆ ಇರುವುದೂ ಅದೇ ವಂಶದ್ದು.

ಈಗ ಕಾಲುವೆಗೆ ಬರೋಣ. ಬಿಲ್ಡ್‌ಗೂ ಮೇಲ್ಭಾಗ, ಕೆಳಭಾಗ ಇದೆ. ಮೊದಲು ಸಿಮೇಕ್ ಓಡುತ್ತದೆ, ಏನೇನು ಸಾಮಾನು ಇದೆ ಅಂತ ಎಣಿಸುತ್ತದೆ. ಆಮೇಲೆ ಮೇಕ್, ಅದು ಒಂದೊಂದೇ ಕಡತವನ್ನು ಕಂಪೈಲ್ ಮಾಡಿ (ಯಂತ್ರಭಾಷೆಗೆ ತಿರುಗಿಸಿ) ಕೊನೆಗೆ ಎಲ್ಲವನ್ನೂ ಲಿಂಕ್ ಮಾಡುತ್ತದೆ, ಅಂದರೆ ಒಂದಾಗಿ ಜೋಡಿಸುತ್ತದೆ. ಆಮೇಲೆ ಇನ್‌ಸ್ಟಾಲ್. ಆಮೇಲೆ ನೀವು ಪ್ರೋಗ್ರಾಂ ಓಡಿಸುತ್ತೀರಿ. ಎರರ್ ಬಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ, ನಾನು ಯಾವ ಭಾಗದಲ್ಲಿದ್ದೇನೆ? ಲಿಂಕ್ ಹಂತದಲ್ಲಿ ಕೆಟ್ಟದ್ದರ ಕಾರಣ ಎಷ್ಟೋ ಸಲ ಸಿಮೇಕ್ ಹಂತದಲ್ಲೇ ಸಿಗುತ್ತದೆ.

ಸಿಮೇಕ್ ಹಂತದಲ್ಲಿ ಜಾಸ್ತಿ ಕಾಣುವ ದೂರು 'ಸಿಗಲಿಲ್ಲ' ಅನ್ನುವುದು. ಡಾಂಗಲ್‌ನ ಡ್ರೈವರ್ ಬಿಲ್ಡ್ ಮಾಡಲು ಹೋದರೆ 'ಲಿಬ್‌ಯುಎಸ್‌ಬಿ 1.0 ಬೇಕು' ಅನ್ನುತ್ತದೆ. ಯುಎಸ್‌ಬಿ ಸಾಧನಗಳ ಜೊತೆ ಮಾತಾಡುವ ಲೈಬ್ರರಿ ಅದು. ನೀವು ನೋಡುತ್ತೀರಿ, ಲಿಬ್‌ಯುಎಸ್‌ಬಿ ಸಿಸ್ಟಂನಲ್ಲಿ ಇದ್ದೇ ಇದೆ. ಇದೆ, ಆದರೆ ಓಡಿಸಲು ಬೇಕಾದ ಭಾಗ ಮಾತ್ರ ಇದೆ. ಬಿಲ್ಡ್ ಮಾಡಲು ಹೆಡರ್ ಕಡತಗಳು ಬೇಕು. ಉಬುಂಟು, ಡೆಬಿಯನ್‌ನಲ್ಲಿ ಅವು ಬೇರೆ ಪ್ಯಾಕೇಜ್‌ನಲ್ಲಿರುತ್ತವೆ, ಹೆಸರಿನ ಕೊನೆಗೆ 'ಡೆವ್' ಅಂತ ಇರುತ್ತದೆ. ಮನೆಗೆ ಬಂದ ಊಟ ಬೇರೆ, ಅಡುಗೆ ಮಾಡಲು ಬೇಕಾದ ದಿನಸಿ ಬೇರೆ. ನಿಮಗೆ ಈಗ ದಿನಸಿ ಬೇಕು.

ಇನ್ನೊಂದು ಇದೆ, ಇದು ಬಹಳ ಜನರ ಸಮಯ ತಿಂದಿದೆ. ಎಲ್ಲ ಡೆವ್ ಪ್ಯಾಕೇಜ್ ಹಾಕಿದ್ದೀರಿ, ಆದರೂ ಸಿಮೇಕ್ ಒಂದರ ಹಿಂದೆ ಒಂದು 'ಸಿಗಲಿಲ್ಲ' ಅನ್ನುತ್ತಲೇ ಇದೆ. ಆಗ ಪಿಕೆಜಿ-ಕಾನ್ಫಿಗ್ ಇದೆಯಾ ನೋಡಿ. ಅದು ಸಣ್ಣ ಉಪಕರಣ. ಯಾವ ಲೈಬ್ರರಿ ಎಲ್ಲಿದೆ ಅಂತ ಸಿಮೇಕ್ ಅನೇಕ ಸಲ ಅದನ್ನೇ ಕೇಳುತ್ತದೆ. ದಾರಿ ತೋರಿಸುವವನೇ ಇಲ್ಲದಿದ್ದರೆ ಎಲ್ಲ ಮನೆಯೂ ಇಲ್ಲ ಅಂತಲೇ ಅನಿಸುತ್ತದೆ, ಅಲ್ವಾ?

ಗ್ನೂ ರೇಡಿಯೋದಲ್ಲಿ ಇದಕ್ಕಿಂತ ಮೋಸ ಹೋಗುವ ಜಾಗ ಇನ್ನೊಂದಿದೆ. ಅಲ್ಲಿ ಸಿಮೇಕ್ ಎರರ್ ಕೊಡದೇ ಮುಗಿಯುತ್ತದೆ. ನೀವು ಖುಷಿಯಿಂದ ಮೇಕ್ ಕೊಡುತ್ತೀರಿ. ಹಳೆಯ ಡೆಸ್ಕ್‌ಟಾಪ್ ಆದರೆ ಎರಡು ತಾಸು, ಮೂರು ತಾಸು ಓಡುತ್ತದೆ. ಮುಗಿದ ಮೇಲೆ ಬ್ಲಾಕ್‌ಗಳನ್ನು ಪರದೆ ಮೇಲೆ ಜೋಡಿಸುವ ಗ್ನೂ ರೇಡಿಯೋ ಕಂಪ್ಯಾನಿಯನ್ ತೆರೆದರೆ ವಾಟರ್‌ಫಾಲ್ ಬ್ಲಾಕೇ ಇಲ್ಲ! ಏನಾಯಿತು? ಸಿಮೇಕ್ ಮುಗಿಯುವಾಗ ಕೊನೆಯಲ್ಲಿ ಎರಡು ಪಟ್ಟಿ ಬರೆದಿತ್ತು. ಯಾವ ಭಾಗಗಳನ್ನು ಕಟ್ಟುತ್ತೇನೆ, ಯಾವ ಭಾಗಗಳನ್ನು ಬಿಡುತ್ತೇನೆ ಅಂತ. ಕ್ಯೂಟಿ ಅಥವಾ ಕ್ಯೂಡಬ್ಲ್ಯೂಟಿ ಲೈಬ್ರರಿಯ ಡೆವ್ ಪ್ಯಾಕೇಜ್ ಇಲ್ಲದಿದ್ದರೆ ಜಿಆರ್-ಕ್ಯೂಟಿಜಿಯುಐ ಅನ್ನುವ ಭಾಗವನ್ನು ಅದು ಸದ್ದಿಲ್ಲದೆ ಬಿಡುವ ಪಟ್ಟಿಗೆ ಹಾಕುತ್ತದೆ. ಕಿಟಕಿ ತೆರೆದು ಗ್ರಾಫ್ ತೋರಿಸುವುದೆಲ್ಲ ಆ ಭಾಗದ ಕೆಲಸ. ಹಾಗಾಗಿ ಮೇಕ್ ಕೊಡುವ ಮುಂಚೆ ಆ ಎರಡನೆಯ ಪಟ್ಟಿಯನ್ನು ಬೆರಳಿಟ್ಟು ಓದಿ. ಅರ್ಧ ನಿಮಿಷದ ಕೆಲಸ. ಓದದಿದ್ದರೆ ಮೂರು ತಾಸು ಹೋಗುತ್ತದೆ, ಕರೆಂಟೂ ಹೋಗುತ್ತದೆ.

ಪ್ಯಾಕೇಜ್ ಹಾಕಿ ಮತ್ತೆ ಸಿಮೇಕ್ ಓಡಿಸಿದರೂ ಅದೇ ಉತ್ತರ ಬಂದರೆ? ಸಿಮೇಕ್ ತನ್ನ ಮೊದಲ ಎಣಿಕೆಯನ್ನು ಸಿಮೇಕ್‌ಕ್ಯಾಶ್ ಅನ್ನುವ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಎರಡನೇ ಸಲ ಕೆಲವನ್ನು ಮತ್ತೆ ಹುಡುಕುವುದಿಲ್ಲ, ಹಳೇ ಲೆಕ್ಕವನ್ನೇ ಓದುತ್ತದೆ. ಅದಕ್ಕೇ ಬಿಲ್ಡ್ ಅನ್ನು ಯಾವಾಗಲೂ ಪ್ರತ್ಯೇಕ ಫೋಲ್ಡರ್‌ನಲ್ಲಿ ಮಾಡಿ. ಅನುಮಾನ ಬಂದರೆ ಆ ಫೋಲ್ಡರ್ ಇಡಿಯಾಗಿ ಅಳಿಸಿ ಹೊಸದಾಗಿ ಶುರು ಮಾಡಿ. ಸೋರ್ಸ್‌ಗೆ ಏನೂ ಆಗುವುದಿಲ್ಲ. ಇದಕ್ಕೊಂದು ಎಚ್ಚರಿಕೆ ಇದೆ, ಆಮೇಲೆ ಹೇಳುತ್ತೇನೆ.

ಫೋಲ್ಡರ್ ಹೆಸರಿನ ಮಾತು ಬಂತು. 'ರೇಡಿಯೋ ಕೆಲಸ' ಅಂತ ಹೆಸರಿಟ್ಟು ನಡುವೆ ಜಾಗ ಬಿಡಬೇಡಿ. ಕೆಲವು ಮೇಕ್ ಕಡತಗಳು ಆ ಜಾಗ ಕಂಡ ಕೂಡಲೇ ಹೆಸರನ್ನು ಎರಡು ತುಂಡು ಮಾಡಿಕೊಂಡು ದಾರಿ ತಪ್ಪುತ್ತವೆ.

ಆವೃತ್ತಿಗಳ ಜಗಳವನ್ನೂ ಇಲ್ಲೇ ಮುಗಿಸೋಣ. ಗ್ನೂ ರೇಡಿಯೋ 3.7 ಪೈಥಾನ್ 2ರ ಕಾಲದ್ದು. 2019ರಲ್ಲಿ ಬಂದ 3.8 ಪೈಥಾನ್ 3ಕ್ಕೆ ಬಂತು. ಕಂಪ್ಯಾನಿಯನ್‌ನ ಬ್ಲಾಕ್ ವಿವರಣೆಗಳು ಎಕ್ಸ್‌ಎಂಎಲ್‌ನಿಂದ ಯಾಮಲ್‌ಗೆ ಬದಲಾದವು. 2021ರ 3.9ರಲ್ಲಿ ಪೈಥಾನ್ ಮತ್ತು ಸಿ++ ನಡುವೆ ಸೇತುವೆ ಆಗಿದ್ದ ಸ್ವಿಗ್ ಹೋಗಿ ಪೈಬೈಂಡ್11 ಬಂತು. 2022ರಲ್ಲಿ 3.10. ಇದನ್ನು ಪರೀಕ್ಷೆಗೆ ಓದಿದ ಹಾಗೆ ನೆನಪಿಡಬೇಕಾಗಿಲ್ಲ. ಹಳೆಯ ಮಾಡ್ಯೂಲ್ ಒಂದನ್ನು ತಂದು ಹೊಸ ಗ್ನೂ ರೇಡಿಯೋ ಜೊತೆ ಬಿಲ್ಡ್ ಮಾಡಿದರೆ ಯಾಕೆ ಸ್ವಿಗ್ ಅಂತ ಕೂಗುತ್ತದೆ ಅನ್ನುವುದು ತಿಳಿದಿದ್ದರೆ ಸಾಕು. ಆ ಮಾಡ್ಯೂಲ್‌ನ ಗಿಟ್‌ನಲ್ಲಿ ನಿಮ್ಮ ಆವೃತ್ತಿಗೆ (ಸೋರ್ಸ್‌ನ ಆವೃತ್ತಿಗಳನ್ನು ಕೂಡಿಡುವ ಜಾಗದಲ್ಲಿ) ಬೇರೆ ಶಾಖೆ ಇದೆಯಾ ನೋಡಿ. ಸಾಮಾನ್ಯವಾಗಿ 'ಮೇಂಟ್-3.8', 'ಮೇಂಟ್-3.10' ಅಂತ ಇರುತ್ತವೆ. ಆ ಶಾಖೆಗೆ ಹೋಗಿ ಬಿಲ್ಡ್ ಮಾಡಿ. ಶಾಖೆ ಇಲ್ಲದಿದ್ದರೆ ಬಹುಶಃ ಆ ಮಾಡ್ಯೂಲ್ ಅನ್ನು ಯಾರೂ ಮುಂದೆ ತಂದಿಲ್ಲ. ಅದನ್ನು ಮುಂದೆ ತರುವುದು ಒಳ್ಳೆಯ ಅಂತಿಮ ವರ್ಷದ ಪ್ರಾಜೆಕ್ಟ್. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಹೊಸ ಡಿಸ್ಟ್ರೋ ಹಾಕಿದವರಿಗೆ ಇನ್ನೊಂದು ಸಾಲು ಕಾಣಿಸಬಹುದು, 'ಸಿಮೇಕ್ 3.5ಕ್ಕಿಂತ ಹಳೆಯದರ ಹೊಂದಾಣಿಕೆ ತೆಗೆಯಲಾಗಿದೆ' ಅಂತ. 2025ರಲ್ಲಿ ಬಂದ ಸಿಮೇಕ್ 4.0 ಹಳೆಯ ಸೋರ್ಸ್‌ಗಳನ್ನು ಒಪ್ಪುವುದಿಲ್ಲ. ಅದೇ ಸಂದೇಶದಲ್ಲಿ ಪರಿಹಾರವೂ ಇರುತ್ತದೆ. ಕನಿಷ್ಠ ಪಾಲಿಸಿ ಆವೃತ್ತಿ 3.5 ಅಂತ ಒಂದು ಆಯ್ಕೆ ಕೊಡಲು ಅದೇ ಹೇಳುತ್ತದೆ. ಪೂರ್ತಿ ಓದಿದವರಿಗೆ ಮಾತ್ರ ಅದು ಸಿಗುತ್ತದೆ.

ಈಗ ಮೇಕ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಊರಿನ ಕಂಪ್ಯೂಟರುಗಳ ಕಷ್ಟ ಇಲ್ಲೇ ಇರುವುದು.

ಎಲ್ಲರೂ ಮೇಕ್ ಜೊತೆ 'ಜೆ' ಹಾಕಿ ಪಕ್ಕದಲ್ಲಿ ಒಂದು ಸಂಖ್ಯೆ ಕೊಡುತ್ತೀರಿ. ನಾಲ್ಕು ಕೊಟ್ಟರೆ ನಾಲ್ಕು ಕಡತ ಒಟ್ಟಿಗೆ ಕಂಪೈಲ್ ಆಗುತ್ತವೆ. ಕೆಲಸ ಬೇಗ ಆಗುತ್ತದೆ, ಸರಿ. ಆದರೆ ಎರಡು ತೊಂದರೆ. ಮೊದಲನೆಯದು, ನಾಲ್ವರು ಒಟ್ಟಿಗೆ ಮಾತಾಡುವುದರಿಂದ ಎರರ್ ಬಂದ ಮೇಲೂ ಉಳಿದ ಮೂವರ ಮಾತು ಪರದೆ ತುಂಬುತ್ತದೆ. ಮೊದಲ ಎರರ್ ಮೇಲೆಲ್ಲೋ ಹೂತುಹೋಗುತ್ತದೆ. ಕೆಟ್ಟಾಗ ಸುಮ್ನೆ ಜೆ 1 ಅಂತ ಕೊಟ್ಟು ಮತ್ತೆ ಓಡಿಸಿ. ಆಗಲೇ ಆದ ಕೆಲಸ ಮತ್ತೆ ಆಗುವುದಿಲ್ಲ, ನೇರವಾಗಿ ಕೆಟ್ಟ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಇನ್ನೂ ಒಳ್ಳೆಯದು, ಪರದೆ ಮೇಲೆ ಬರುವುದನ್ನೆಲ್ಲ 'ಟೀ' ಆಜ್ಞೆಯ ಮೂಲಕ ಒಂದು ಕಡತಕ್ಕೂ ಬರೆಸಿಕೊಳ್ಳಿ. ಆಮೇಲೆ ಆ ಕಡತದಲ್ಲಿ ಮೇಲಿನಿಂದ 'ಎರರ್' ಪದ ಹುಡುಕಿ, ಅದರ ಮುಂದೆ ಕೋಲನ್ ಇರುವುದು. ಮೊದಲು ಸಿಕ್ಕಿದ್ದೇ ನಿಮ್ಮ ಒಡೆದ ದಂಡೆ. ವಾರ್ನಿಂಗ್‌ಗಳು ನೂರು ಇರಲಿ, ಅವುಗಳಿಂದ ಸಾಮಾನ್ಯವಾಗಿ ಬಿಲ್ಡ್ ನಿಲ್ಲುವುದಿಲ್ಲ.

ಎರಡನೆಯ ತೊಂದರೆ ಮೆಮೊರಿ. ಗ್ನೂ ರೇಡಿಯೋದಲ್ಲಿ ಪೈಬೈಂಡ್ ಕಡತಗಳು ಭಾರ. ಒಂದೊಂದು ಕಡತ ಕಂಪೈಲ್ ಆಗುವಾಗ ಒಂದು ಜಿಬಿ ಆಸುಪಾಸು ಮೆಮೊರಿ ಕೇಳಬಹುದು. 4 ಜಿಬಿ ಇರುವ ಡೆಸ್ಕ್‌ಟಾಪ್‌ನಲ್ಲಿ ಬ್ರೌಸರ್ ತೆರೆದಿಟ್ಟು ಜೆ 4 ಕೊಟ್ಟರೆ ಮೊದಲು ಮೌಸ್ ನಿಲ್ಲುತ್ತದೆ. ಆಮೇಲೆ ಒಂದು ಸಾಲು ಬರುತ್ತದೆ, 'ಕಿಲ್ಡ್' ಅಂತ. ಜೊತೆಗೆ 'ಸಿಸಿ1ಪ್ಲಸ್' ಅನ್ನುವ ಹೆಸರು, ಅದು ಕಂಪೈಲರ್‌ನದ್ದು. ಇದನ್ನು ನೋಡಿ ಸೋರ್ಸ್‌ನಲ್ಲಿ ತಪ್ಪಿದೆ ಅಂದುಕೊಳ್ಳಬೇಡಿ. ಕಂಪೈಲರ್ ತಪ್ಪು ಕಂಡುಹಿಡಿಯಲಿಲ್ಲ. ಮೆಮೊರಿ ಸಾಲದೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದನ್ನು ಅರ್ಧಕ್ಕೇ ಕೊಂದಿತು. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಆಜ್ಞೆ ಕೊಟ್ಟು ನೋಡಿದರೆ 'ಔಟ್ ಆಫ್ ಮೆಮೊರಿ' ಅಂತ ಬರೆದಿರುತ್ತದೆ. ಬ್ರೌಸರ್ ಮುಚ್ಚಿ, ಜೆ 1 ಅಥವಾ ಜೆ 2 ಕೊಡಿ, ಒಂದು 4 ಜಿಬಿಯ ಸ್ವಾಪ್ ಕಡತ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಾಡಿಕೊಳ್ಳಿ. ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ.

ರಾತ್ರಿ ಬಿಟ್ಟು ಮಲಗಿದರೆ ಅಂದೆ. ಆದರೆ ಮಧ್ಯರಾತ್ರಿ ಕರೆಂಟ್ ಹೋದರೆ? ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಉಷ್ಣ ಸ್ಥಾವರ ಇಟ್ಟುಕೊಂಡಿರುವ ಜಿಲ್ಲೆ ನಮ್ಮದು. ಆದರೂ ಬೇಸಿಗೆಯ ರಾತ್ರಿ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತು. ಬಿಲ್ಡ್ ನಡುವೆ ಕರೆಂಟ್ ಹೋದರೆ ಒಂದು ವಿಚಿತ್ರ ಆಗುತ್ತದೆ. ಆ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಕಡತ (ಕಂಪೈಲ್ ಆಗಿ ಬರುವ ಕಡತ) ಖಾಲಿಯಾಗಿ ಅಥವಾ ಅರ್ಧವಾಗಿ ಉಳಿಯುತ್ತದೆ. ಮತ್ತೆ ಮೇಕ್ ಕೊಟ್ಟರೆ ಅದು ಕಡತದ ತಾರೀಖು, ಸಮಯ ಮಾತ್ರ ನೋಡುತ್ತದೆ. 'ಇದು ಹೊಸದಾಗಿದೆ, ಕೆಲಸ ಮುಗಿದಿದೆ' ಅಂತ ಮುಂದೆ ಹೋಗುತ್ತದೆ. ಆಮೇಲೆ ಲಿಂಕ್ ಮಾಡುವಾಗ 'ಫೈಲ್ ನಾಟ್ ರೆಕಗ್ನೈಜ್ಡ್' ಅನ್ನುತ್ತದೆ. ಎರರ್ ಬಂದ ಜಾಗ ಒಂದು, ತಪ್ಪು ಆದ ಜಾಗ ಇನ್ನೊಂದು. ಸೊನ್ನೆ ಗಾತ್ರದ ಕಡತಗಳನ್ನು ಹುಡುಕಿ ಅಳಿಸಿ, ಅಥವಾ 'ಮೇಕ್ ಕ್ಲೀನ್' ಕೊಡಿ. ಗಿಟ್‌ನಿಂದ ಇಳಿಸಿಕೊಳ್ಳುವಾಗ ಕರೆಂಟ್ ಹೋದರೆ 'ಆಬ್ಜೆಕ್ಟ್ ಕಡತ ಖಾಲಿ ಇದೆ' ಅಂತ ಗಿಟ್ ಹೇಳಬಹುದು. ರಿಪೇರಿಗೆ ಕೂರುವುದಕ್ಕಿಂತ ಹೊಸದಾಗಿ ಕ್ಲೋನ್ ಮಾಡುವುದೇ, ಅಂದರೆ ಪೂರ್ತಿ ಮತ್ತೆ ಇಳಿಸಿಕೊಳ್ಳುವುದೇ, ಬೇಗ ಆಗುತ್ತದೆ.

ಕರೆಂಟ್ ಕಥೆಗೆ ಹೊಂದಿಕೊಂಡ ಇನ್ನೊಂದು. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗಿನ ಸೆಲ್ ಇರುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಗಿಟ್ ಕ್ಲೋನ್ ಕೊಟ್ಟರೆ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ. ಅದರ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಮೇಕ್ ಕೊಟ್ಟರೆ 'ಕ್ಲಾಕ್ ಸ್ಕ್ಯೂ, ಬಿಲ್ಡ್ ಅಪೂರ್ಣ ಆಗಬಹುದು' ಅನ್ನುತ್ತದೆ. ಈ ಎಚ್ಚರಿಕೆ ಕಂಡರೆ ಸೋರ್ಸ್ ಬಿಟ್ಟು ಗಡಿಯಾರ ನೋಡಿ. ಒಂದು ಸಣ್ಣ ಸೆಲ್ ಬದಲಿಸಿದರೆ ಮುಗಿಯಿತು.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳ ರಾಯಚೂರು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಮಧ್ಯಾಹ್ನ ಮುಚ್ಚಿದ ಕೋಣೆಯಲ್ಲಿ ಧೂಳು ತುಂಬಿದ ಕ್ಯಾಬಿನೆಟ್ ಇಟ್ಟುಕೊಂಡು ನಾಲ್ಕೂ ಕೋರ್ ದುಡಿಸಿದರೆ ಕಂಪೈಲರ್ 'ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಶನ್ ಫಾಲ್ಟ್' ಅನ್ನಬಹುದು. ಇದಕ್ಕೆ ಒಂದು ಪರೀಕ್ಷೆ ಇದೆ. ಮತ್ತೆ ಮೇಕ್ ಕೊಡಿ. ಅದೇ ಕಡತದ ಅದೇ ಸಾಲಿನಲ್ಲಿ ಕೆಟ್ಟರೆ ತಪ್ಪು ಸಾಫ್ಟ್‌ವೇರ್‌ನಲ್ಲಿದೆ. ಈ ಸಲ ಬೇರೆ ಕಡತದಲ್ಲಿ, ಮುಂದಿನ ಸಲ ಇನ್ನೊಂದು ಕಡತದಲ್ಲಿ ಕೆಟ್ಟರೆ ಶಾಖ ಅಥವಾ ರ್‍ಯಾಮ್ ಮೇಲೆ ಅನುಮಾನ ಪಡಿ. ಕ್ಯಾಬಿನೆಟ್ ತೆರೆದು ಫ್ಯಾನಿನ ಧೂಳು ತೆಗೆಯಿರಿ, ರ್‍ಯಾಮ್ ಕಿತ್ತು ಒರೆಸಿ ಕೂರಿಸಿ, ಸಂಜೆ ತಂಪಾದ ಮೇಲೆ ಓಡಿಸಿ. ಎರರ್ ಜಾಗ ಬದಲಿಸುತ್ತದೆಯಾ ಇಲ್ಲವಾ ಅನ್ನುವ ಒಂದೇ ಪ್ರಶ್ನೆಯಿಂದ ಎಷ್ಟೋ ದಿನ ಉಳಿಯುತ್ತದೆ.

ಬಿಲ್ಡ್ ಮುಗಿಯಿತು, ಇನ್‌ಸ್ಟಾಲ್ ಆಯಿತು ಅಂತಿಟ್ಟುಕೊಳ್ಳಿ. ಪ್ರೋಗ್ರಾಂ ಓಡಿಸಿದರೆ 'ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ ಕಡತ ತೆರೆಯಲಾಗಲಿಲ್ಲ' ಅಂತ ಬರುತ್ತದೆ. ಅದು ಡಾಂಗಲ್‌ನ ಡ್ರೈವರ್ ಲೈಬ್ರರಿ. ಈಗ ತಾನೇ ಹಾಕಿದ್ದೇವೆ, ಕಣ್ಣಿಗೆ ಕಾಣುತ್ತಿದೆ. ಕಾರಣ ಸರಳ. ಪ್ರೋಗ್ರಾಂ ಓಡುವಾಗ ಲೈಬ್ರರಿ ಹುಡುಕಿ ಕೊಡುವ ಲೋಡರ್ ತನ್ನದೊಂದು ಪಟ್ಟಿ ಇಟ್ಟುಕೊಂಡಿರುತ್ತದೆ, ನೀವು ಹಾಕಿದ್ದು ಆ ಪಟ್ಟಿಗೆ ಬಂದಿಲ್ಲ. 'ಸುಡೋ ಎಲ್‌ಡಿಕಾನ್ಫಿಗ್' ಕೊಟ್ಟರೆ ಪಟ್ಟಿ ಹೊಸದಾಗುತ್ತದೆ. 'ಗ್ನೂ ರೇಡಿಯೋ ಎಂಬ ಮಾಡ್ಯೂಲ್ ಇಲ್ಲ' ಅಂತ ಪೈಥಾನ್ ಹೇಳಿದರೂ ಸುಮಾರು ಇದೇ ಕಥೆ. ನೀವು ಹಾಕಿದ ಜಾಗವನ್ನು ಪೈಥಾನ್ ನೋಡುತ್ತಿಲ್ಲ, ಪೈಥಾನ್‌ಪಾತ್‌ನಲ್ಲಿ ಆ ಜಾಗ ಹೇಳಬೇಕು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇದರ ತದ್ವಿರುದ್ಧ. ಲೈಬ್ರರಿ ಸಿಗದೇ ಇರುವುದಲ್ಲ, ಎರಡು ಇರುವುದು. ಒಂದು ಭಾನುವಾರ ಇಡೀ ದಿನ ಹೋಯಿತು. ನನ್ನ ಬಳಿ ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರ ವಿ4 ಡಾಂಗಲ್ ಇತ್ತು. ಅದು 2023ರಲ್ಲಿ ಬಂದದ್ದು, ಅದರಲ್ಲಿ ಆರ್828ಡಿ ಟ್ಯೂನರ್ ಇದೆ. ಅದಕ್ಕೆ ಬೇಕಾದ ಹೊಸ ಡ್ರೈವರ್ ಅನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಿದೆ. ಒಂದೂ ಎರರ್ ಇಲ್ಲ. ಜಿಕ್ಯೂಆರ್‌ಎಕ್ಸ್ ತೆರೆದೆ. ವಾಟರ್‌ಫಾಲ್ ಓಡುತ್ತಿದೆ. ಆದರೆ ಎಫ್‌ಎಂ ಬ್ಯಾಂಡ್ ಪೂರ್ತಿ ಖಾಲಿ. 88ರಿಂದ 108 ಮೆಗಾಹರ್ಟ್ಸ್‌ವರೆಗೆ ಒಂದು ಸ್ಟೇಷನ್ ಕೂಡ ಇಲ್ಲ! ಆಂಟೆನಾ ಬದಲಿಸಿದೆ, ಕೇಬಲ್ ಬದಲಿಸಿದೆ, ಮಾಳಿಗೆ ಮೇಲೆ ಹೋದೆ. ಸಂಜೆ ಟರ್ಮಿನಲ್‌ನಲ್ಲಿ 'ಪಿಎಲ್‌ಎಲ್ ಲಾಕ್ ಆಗಿಲ್ಲ' ಅನ್ನುವ ಸಾಲು ಕಣ್ಣಿಗೆ ಬಿತ್ತು. ಟ್ಯೂನರ್ ತಾನು ಕೇಳಬೇಕಾದ ತರಂಗಾಂತರದಲ್ಲಿ ನಿಂತಿಲ್ಲ ಅಂತ ಅದರ ಅರ್ಥ. ಬೆಳಗ್ಗೆಯಿಂದ ಅದು ಅಲ್ಲೇ ಇತ್ತು.

ಆಗಿದ್ದು ಇಷ್ಟು. ಆಪ್ಟ್‌ನಿಂದ ಮೊದಲೇ ಬಂದಿದ್ದ ಹಳೆಯ ಡ್ರೈವರ್ ಲೈಬ್ರರಿಯೂ ಸಿಸ್ಟಂನಲ್ಲಿ ಇತ್ತು. ಜಿಕ್ಯೂಆರ್‌ಎಕ್ಸ್ ಅದನ್ನೇ ಎತ್ತಿಕೊಳ್ಳುತ್ತಿತ್ತು. ಹಳೆಯ ಡ್ರೈವರ್‌ಗೆ ಆರ್828ಡಿ ಅಂದರೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ ಅಂತ ಮಾತ್ರ ಗೊತ್ತು. ವಿ4ನಲ್ಲಿರುವುದು 28.8 ಮೆಗಾಹರ್ಟ್ಸ್ ಕ್ರಿಸ್ಟಲ್. ತಪ್ಪು ಸೇರಿನಲ್ಲಿ ಅಳೆದ ಹಾಗೆ, ಲೆಕ್ಕ ಎಲ್ಲ ಬುಡದಲ್ಲೇ ತಪ್ಪಿತ್ತು. ನಾನು ಕೇಳುತ್ತಿದ್ದ ಜಾಗದಲ್ಲಿ ಯಾವ ಸ್ಟೇಷನ್ನೂ ಇರಲು ಸಾಧ್ಯವೇ ಇರಲಿಲ್ಲ. ಬಿಲ್ಡ್ ಸರಿ ಇತ್ತು, ಡಾಂಗಲ್ ಸರಿ ಇತ್ತು, ಆಂಟೆನಾ ಸರಿ ಇತ್ತು. ಓಡುತ್ತಿದ್ದ ಪ್ರತಿ ಮಾತ್ರ ಬೇರೆಯದು.

ಇದನ್ನು ಕಂಡುಹಿಡಿಯಲು ಎಲ್‌ಡಿಡಿ ಅಂತ ಒಂದು ಆಜ್ಞೆ ಇದೆ. ಪ್ರೋಗ್ರಾಂ ಇರುವ ಜಾಗವನ್ನು ಅದಕ್ಕೆ ಕೊಟ್ಟರೆ, ಆ ಪ್ರೋಗ್ರಾಂ ಯಾವ ಲೈಬ್ರರಿಯನ್ನು ಯಾವ ಫೋಲ್ಡರ್‌ನಿಂದ ಎತ್ತಿಕೊಳ್ಳುತ್ತದೆ ಅಂತ ಒಂದೊಂದೇ ಸಾಲಿನಲ್ಲಿ ತೋರಿಸುತ್ತದೆ. ನೀವು ಹಾಕಿದ್ದು ಯುಎಸ್‌ಆರ್ ಲೋಕಲ್ ಅನ್ನುವ ಫೋಲ್ಡರ್ ಒಳಗಿದೆ, ಎಲ್‌ಡಿಡಿ ಬೇರೆ ಜಾಗ ತೋರಿಸಿದರೆ ಕಳ್ಳ ಸಿಕ್ಕ. ಹಳೆಯ ಪ್ಯಾಕೇಜ್ ತೆಗೆದುಹಾಕಿ, ಎಲ್‌ಡಿಕಾನ್ಫಿಗ್ ಕೊಡಿ. ಹಳೆಯದನ್ನು ತೆಗೆಯುವಾಗ ಅದನ್ನೇ ನಂಬಿರುವ ಪ್ರೋಗ್ರಾಂ ಕೂಡ ಹೋದರೆ ಆ ಪ್ರೋಗ್ರಾಂ ಅನ್ನೂ ಸೋರ್ಸ್‌ನಿಂದ ಬಿಲ್ಡ್ ಮಾಡಿಕೊಳ್ಳಬೇಕು. ಆಮೇಲೆ ಆರ್‌ಟಿಎಲ್_ಟೆಸ್ಟ್ ಅನ್ನುವ, ಡ್ರೈವರ್ ಜೊತೆಗೇ ಬರುವ ಪರೀಕ್ಷೆ ಓಡಿಸಿದರೆ 'ವಿ4 ಡಿಟೆಕ್ಟೆಡ್' ಅಂತ ಬರುತ್ತದೆ. ಆ ಸಾಲು ಬರುವವರೆಗೆ ಆಂಟೆನಾ ಮುಟ್ಟಬೇಡಿ.

ಡಾಂಗಲ್ ತೆರೆಯುವಾಗಲೇ ಬರುವ ಎರಡು ಎರರ್ ಬೇಗ ಹೇಳಿಬಿಡುತ್ತೇನೆ. 'ಕ್ಲೇಮ್ ಇಂಟರ್‌ಫೇಸ್, ಮೈನಸ್ 6' ಅಂದರೆ ಡಾಂಗಲ್ ಬೇರೆಯವರ ಕೈಯಲ್ಲಿದೆ. ಲಿನಕ್ಸ್ ಕರ್ನಲ್ ಅದನ್ನು ಟಿವಿ ಡಾಂಗಲ್ ಅಂತಲೇ ತಿಳಿದು ತನ್ನ ಡಿವಿಬಿ (ಡಿಜಿಟಲ್ ಟಿವಿ) ಮಾಡ್ಯೂಲ್ ಹಾಕಿಕೊಂಡಿರುತ್ತದೆ. ಆ ಮಾಡ್ಯೂಲ್ ಅನ್ನು ಬ್ಲಾಕ್‌ಲಿಸ್ಟ್ ಮಾಡಿ. ಅಥವಾ ಡ್ರೈವರ್ ಬಿಲ್ಡ್ ಮಾಡುವಾಗಲೇ ಕರ್ನಲ್ ಡ್ರೈವರ್ ಬಿಡಿಸುವ ಆಯ್ಕೆಯನ್ನು ಆನ್ ಮಾಡಿ. 'ಯುಎಸ್‌ಬಿ ಓಪನ್, ಮೈನಸ್ 3' ಅಂದರೆ ಅನುಮತಿ ಇಲ್ಲ. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಓಡಿಸಿದರೆ ಓಡುತ್ತದೆ, ಆದರೆ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಸೋರ್ಸ್ ಜೊತೆಗೇ ಬರುವ ಯುಡೆವ್ ನಿಯಮದ ಕಡತ (ಡಾಂಗಲ್ ಬಳಸಲು ಅನುಮತಿ ಕೊಡುವಂಥದ್ದು) ಹಾಕಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ. ಕಿತ್ತು ಚುಚ್ಚುವುದನ್ನು ಮರೆತರೆ ಹೊಸ ನಿಯಮ ಅದಕ್ಕೆ ಅನ್ವಯ ಆಗುವುದಿಲ್ಲ.

ಒಂದು ಪ್ರಶ್ನೆ ಬಂತು, ಲ್ಯಾಬ್‌ನ ಒಂದು ಹೊಸ ಕಂಪ್ಯೂಟರ್‌ನಲ್ಲಿ ಬಿಲ್ಡ್ ಮಾಡಿ ಉಳಿದ ಹಳೆಯವುಗಳಿಗೆ ನಕಲು ಮಾಡಬಹುದಾ ಅಂತ. ಮಾಡಬಹುದು, ಆದರೆ ಕೆಲವು ಸಾಫ್ಟ್‌ವೇರ್‌ಗಳು ಬಿಲ್ಡ್ ಆಗುವಾಗ ಆ ಪ್ರೊಸೆಸರ್‌ಗೇ ಹೊಂದುವ ಹಾಗೆ ಕಟ್ಟಿಕೊಳ್ಳುತ್ತವೆ. ಹಳೆಯ ಪ್ರೊಸೆಸರ್‌ಗೆ ಒಯ್ದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ನಿಂತುಬಿಡುತ್ತವೆ. ಆಯ್ಕೆಗಳಲ್ಲಿ 'ಮಾರ್ಚ್ ನೇಟಿವ್' ಅಂತ ಇದ್ದರೆ ತೆಗೆದು ಬಿಲ್ಡ್ ಮಾಡಿ. ಗ್ನೂ ರೇಡಿಯೋ ಬಳಸುವ ವೋಲ್ಕ್ ಲೈಬ್ರರಿ ಮಾತ್ರ ಈ ವಿಷಯದಲ್ಲಿ ಜಾಣ. ಒಂದೇ ಲೆಕ್ಕಕ್ಕೆ ಹಲವು ರೂಪ ಇಟ್ಟುಕೊಂಡಿರುತ್ತದೆ, ಓಡುವಾಗ ನಿಮ್ಮ ಪ್ರೊಸೆಸರ್‌ಗೆ ಆಗುವುದನ್ನು ಆರಿಸುತ್ತದೆ. ವೋಲ್ಕ್_ಪ್ರೊಫೈಲ್ ಅಂತ ಒಂದು ಸಲ ಓಡಿಸಿ ಬಿಡಿ, ನಿಮ್ಮ ಯಂತ್ರದಲ್ಲಿ ಯಾವುದು ವೇಗ ಅಂತ ಅಳೆದು ಬರೆದಿಟ್ಟುಕೊಳ್ಳುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದರಿಂದ ನಿಜವಾಗಿ ಉಪಯೋಗ ಇದೆ.

ಎಲ್ಲ ಸರಿಯಾದ ಮೇಲೆ ಏನು ಕೇಳಬಹುದು? ಎಫ್‌ಎಂ ಸಿಕ್ಕಿತು ಅಂದರೆ ಸರಪಳಿ ಪೂರ್ತಿ ಸರಿ ಇದೆ. ಮುಂದೆ 145.800 ಮೆಗಾಹರ್ಟ್ಸ್ ಇಟ್ಟುಕೊಂಡು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆ ಮೇಲೆ ಹಾದುಹೋಗುವ ಸಮಯ ನೋಡಿಕೊಳ್ಳಿ. ಗಗನಯಾತ್ರಿಗಳು ಶಾಲಾ ಮಕ್ಕಳ ಜೊತೆ ಹ್ಯಾಮ್ ರೇಡಿಯೋದಲ್ಲಿ ಮಾತಾಡುವುದು, ಕೆಲವು ಸಲ ಚಿತ್ರ ಕಳಿಸುವುದು ಆ ತರಂಗಾಂತರದಲ್ಲೇ. ನಮ್ಮ ಕಡೆ ಎತ್ತರದ ಕಟ್ಟಡ ಕಡಿಮೆ. ಕೋಟೆ ಬೆಟ್ಟ ಹತ್ತಿದರೆ ಸುತ್ತ ಆಕಾಶ ಬಯಲಾಗಿದೆ. ದೊಡ್ಡ ಊರಿನವರಿಗೆ ಇಲ್ಲದ ಭಾಗ್ಯ ಇದು. ಮಾಳಿಗೆ ಮೇಲೆ ನಿಂತು ಆ ಧ್ವನಿ ಮೊದಲ ಸಲ ಕೇಳಿದಾಗ ನನ್ನ ಕೈ ನಡುಗಿತ್ತು. ಪ್ರಸಾರ ಮಾಡಲು ಮಾತ್ರ ಹೋಗಬೇಡಿ. ಅದಕ್ಕೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಳ್ಳಬೇಕು. ಬರೆಯಿರಿ ಅಂತಲೇ ನಾನು ಹೇಳುತ್ತೇನೆ.

ಇನ್ನು ನನಗಾಗಲಿ ಬೇರೆ ಯಾರಿಗಾಗಲಿ ಸಹಾಯ ಕೇಳುವಾಗ ಏನು ಕಳಿಸಬೇಕು ಅನ್ನುವುದು. ಫೋಟೊ ಬೇಡ. ಟೀ ಮೂಲಕ ಬರೆಸಿದ ಕಡತ ಪೂರ್ತಿ ಕಳಿಸಿ. ಡಿಸ್ಟ್ರೋ ಯಾವುದು, ಯಾವ ಆವೃತ್ತಿ, ಗಿಟ್‌ನ ಯಾವ ಶಾಖೆ, ರ್‍ಯಾಮ್ ಎಷ್ಟು, ಏನೇನು ಆಜ್ಞೆ ಕೊಟ್ಟಿರಿ, ಇಷ್ಟು ಬರೆಯಿರಿ. ಮೊದಲ ಎರರ್ ಯಾವುದು ಅಂತ ನಿಮಗೆ ಅನಿಸಿದೆಯೋ ಅದನ್ನು ಗುರುತು ಮಾಡಿ. ಅದು ತಪ್ಪಾಗಿದ್ದರೂ ಪರವಾಗಿಲ್ಲ. ಕನ್ನಡದಲ್ಲೇ ಬರೆಯಿರಿ, ನನಗೆ ಅದೇ ಬೇಗ ಅರ್ಥ ಆಗುತ್ತದೆ. ಎಷ್ಟೋ ಸಲ ಇಷ್ಟೆಲ್ಲ ಬರೆಯಲು ಕೂತಾಗಲೇ ಬರೆಯುವವರಿಗೆ ಉತ್ತರ ಹೊಳೆದಿದೆ.

ಕೊನೆಯ ಬೆಂಚಿನಿಂದ ಕೇಳಿದ ಪ್ರಶ್ನೆ, ಸೋರ್ಸ್‌ನಿಂದ ಹಾಕಿದ್ದನ್ನು ತೆಗೆಯುವುದು ಹೇಗೆ? ಆಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ, ಹಾಗಾಗಿ ಅದರಿಂದ ಆಗುವುದಿಲ್ಲ. ಬಿಲ್ಡ್ ಫೋಲ್ಡರ್‌ನಲ್ಲಿ ನಿಂತು 'ಸುಡೋ ಮೇಕ್ ಅನ್‌ಇನ್‌ಸ್ಟಾಲ್' ಕೊಡಿ. ಎಲ್ಲ ಸೋರ್ಸ್‌ನಲ್ಲೂ ಆ ಸೌಲಭ್ಯ ಇರುವುದಿಲ್ಲ. ಇಲ್ಲದಿದ್ದರೆ ಅದೇ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್_ಮ್ಯಾನಿಫೆಸ್ಟ್ ಅನ್ನುವ ಕಡತ ನೋಡಿ. ಎಲ್ಲೆಲ್ಲಿ ಏನೇನು ಹಾಕಿದೆ ಅಂತ ಒಂದು ಸಾಲಿಗೆ ಒಂದರಂತೆ ಅದರಲ್ಲಿ ಬರೆದಿರುತ್ತದೆ. ಆ ಪಟ್ಟಿ ಹಿಡಿದು ಒಂದೊಂದನ್ನೇ ತೆಗೆಯಬಹುದು. ಆಗ ಹೇಳುತ್ತೇನೆ ಅಂದ ಎಚ್ಚರಿಕೆ ಇದೇ. ಅನುಮಾನ ಬಂದರೆ ಬಿಲ್ಡ್ ಫೋಲ್ಡರ್ ಅಳಿಸಿ ಅಂದೆನಲ್ಲ, ಇನ್‌ಸ್ಟಾಲ್ ಒಂದು ಸಲ ಆಗಿದ್ದರೆ ಅಳಿಸುವ ಮುಂಚೆ ಆ ಒಂದು ಕಡತವನ್ನು ಬೇರೆ ಕಡೆ ಎತ್ತಿಟ್ಟುಕೊಳ್ಳಿ, ಹೆಸರಿನ ಜೊತೆ ತಾರೀಖು ಹಾಕಿ.